ಬೆಚ್ಚಗಿದ್ದೂ ನಡುಗಿದ ಹಬೆಯಣ್ಣ

ಇನ್ನೂ ಬೆಳಕು ಹರಿದಿಲ್ಲ. ಆಸ್ಪತ್ರೆಯ ಹಿಂಬದಿಯಲ್ಲಿ ತಗಡಿನ ಬಾಗಿಲನ್ನು ಭುಜದಿಂದ ತಳ್ಳಿ ಒಳಗೆ ಹೋಗುವ ಇವರು ಮೊದಲು ದೀಪ ಹಾಕುವುದಿಲ್ಲ. ಬಾಯ್ಲರಿನ ಹೊಟ್ಟೆಯ ಮೇಲೆ ಅಂಗೈ ಇಡುತ್ತಾರೆ. "ರಾತ್ರಿ ಬಿಸಿ ಇನ್ನೂ ಇದೆ. ಇವತ್ತು ಬೇಗ ಏಳ್ತಾನೆ" ಎನ್ನುತ್ತಾರೆ, ಮಲಗಿದ ಮಗುವಿನ ಮೈ ಮುಟ್ಟಿ ನೋಡಿದವರಂತೆ. ಆಮೇಲೆ ಗಾಜಿನ ಕೊಳವೆಯಲ್ಲಿ ನೀರಿನ ಮಟ್ಟ ನೋಡಿ, ಉರಿ ಹೊತ್ತಿಸಿ, ಒತ್ತಡದ ಮುಳ್ಳು ಮೇಲೇರುವುದನ್ನೇ ಕಾಯುತ್ತಾ ಕೂರುತ್ತಾರೆ. ಹಬೆ ಬಂದರೆ ಒಗೆತ, ಒಗೆತ ಮುಗಿದರೆ ಒಣಗಿಸುವುದು, ಇಸ್ತ್ರಿ. ಇಡೀ ಆಸ್ಪತ್ರೆಗೆ ದಿನವೂ ಸಾವಿರದ ಹತ್ತಿರ ಬೆಡ್‌ಶೀಟು, ಹೊದಿಕೆ ಇಲ್ಲಿಂದಲೇ ಹೋಗಬೇಕು. ರೋಗಿಗಳಿಗೆ ಡಾಕ್ಟರು ಗೊತ್ತು, ನರ್ಸು ಗೊತ್ತು. ಇವರು ಯಾರಿಗೆ ಗೊತ್ತು?

ಒಳಗಿನವರಿಗೆ ಮಾತ್ರ ಇವರು 'ಹಬೆಯಣ್ಣ'. ವಯಸ್ಸು ಐವತ್ತರ ಆಸುಪಾಸು. ಊರು ಎರಡು ರೈಲು, ಒಂದು ಬಸ್ಸಿನಷ್ಟು ದೂರ. ಚಿಕ್ಕಂದಿನಲ್ಲೇ ಅಮ್ಮ ಹೋದ ಮೇಲೆ ಸೊಂಟದ ಮೇಲೆ ಹೊತ್ತು ಬೆಳೆಸಿದ್ದು ಅಕ್ಕ. ಅಕ್ಕ, ಭಾವ ಬಿಟ್ಟರೆ ತಮ್ಮವರು ಅಂತ ಯಾರೂ ಇಲ್ಲ. ಮದುವೆ ಯಾಕಾಗಲಿಲ್ಲ ಎಂದು ಕೇಳಿದರೆ ವಾಲ್ವ್ ನೋಡುವ ನೆಪದಲ್ಲಿ ಎದ್ದು ಹೋಗುತ್ತಾರೆ.

ನಿಜ ಹೇಳಿಬಿಡುತ್ತೇನೆ: ನಾನು ಹೋದದ್ದು ಊರು ಬಿಟ್ಟು ಬಂದು ಚಳಿಯಲ್ಲಿ ದುಡಿಯುವ ಬಡಪಾಯಿಯೊಬ್ಬರ ಬಗ್ಗೆ ಪತ್ರಿಕೆಗೆ ಬರೆಯಲು. ಅಯ್ಯೋ ಪಾಪ ಎನ್ನಲು ಸಿದ್ಧಳಾಗಿಯೇ ಹೋಗಿದ್ದೆ. ಐದು ನಿಮಿಷ ಕಳೆಯುವಷ್ಟರಲ್ಲಿ ನನ್ನ ಸ್ವೆಟರು ಮಡಿಲಿಗೆ ಬಂದಿತ್ತು.

"ಬೇಸಿಗೇಲಿ ಇಲ್ಲಿಗೆ ನಾಯೀನೂ ಬರಲ್ಲ ಮೇಡಂ. ಚಳಿಗಾಲ ಬಂತು ಅಂದ್ರೆ ನಾನೇ ಮಹಾರಾಜ" ಎಂದು ನಗುತ್ತಾರೆ. ಸುಳ್ಳಲ್ಲ. ಬೆಡ್‌ಶೀಟು ಎಣಿಸುವ ನೆಪದಲ್ಲಿ ನರ್ಸುಗಳು ಬಂದು ಕೊಳವೆಗೆ ಬೆನ್ನು ಕೊಟ್ಟು ನಿಲ್ಲುತ್ತಾರೆ. ಆಂಬುಲೆನ್ಸ್ ಡ್ರೈವರು ಒದ್ದೆ ಸಾಕ್ಸು ಒಣಹಾಕಿ, ಅದು ಒಣಗುವ ತನಕ ಹರಟುತ್ತಾನೆ. ಯಾರೋ ತಂದ ಬ್ರೆಡ್ಡು ಬಿಸಿ ತಗಡಿನ ಮೇಲೆ ಕೆಂಪಗಾಗುತ್ತದೆ. ಇಸ್ತ್ರಿಯಿಂದ ಆಗಷ್ಟೇ ಇಳಿದ ಹೊದಿಕೆಗಳ ರಾಶಿಗೆ ಒರಗಿ ಹಬೆಯಣ್ಣ ಟೀ ಕುಡಿಯುತ್ತಾರೆ. ಹೊರಗೆ ಜನ ಹಲ್ಲು ಕಟಕಟಿಸುತ್ತಾ ಓಡಾಡುತ್ತಿರುತ್ತಾರೆ. ಇಂಥ ಸುಖ ನಮ್ಮ ಸಂಪಾದಕರಿಗೂ ಇಲ್ಲ ಬಿಡಿ.

"ಇದನ್ನೆಲ್ಲ ಬರೀತೀರಾ?" ಎಂದು ಕೇಳಿ ಇದ್ದಕ್ಕಿದ್ದಂತೆ ತಲೆ ತಗ್ಗಿಸುತ್ತಾರೆ. ಯಾಕೆ ಎಂದರೆ ಟೀ ಲೋಟ ಕೆಳಗಿಡುತ್ತಾರೆ. ಆಮೇಲೆ ಒಂದೊಂದೇ ಹೊರಬರುತ್ತದೆ.

ಬಂದ ಮೊದಲ ವರ್ಷ ಅವರಿಗಿದ್ದದ್ದು ಅಂಗಳ ಗುಡಿಸುವ ಕೆಲಸ. ಆಗ ಫೋನಿನಲ್ಲಿ "ಚಳಿ ತಡೆಯೋಕಾಗಲ್ಲ ಅಕ್ಕಾ" ಎಂದಿದ್ದು ನಿಜವೇ. ಅಕ್ಕ ಮಿತಭಾಷಿ; ಊಟ ಆಯ್ತಾ, ಹುಷಾರಾ, ಇಡ್ತೀನಿ, ಅಷ್ಟೇ. ಅವತ್ತು ಮಾತ್ರ ಅರ್ಧ ಗಂಟೆ ಮಾತಾಡಿದರು.

"ಅಯ್ಯೋ ನನ್ ಕಂದ ಅಂದ್ಲು. ಈ ವಯಸ್ಸಲ್ಲಿ ನನ್ನ ಕಂದ ಅನ್ನೋರು ಇನ್ಯಾರಿದ್ದಾರೆ ಮೇಡಂ? ಮುಂದಿನ ವರ್ಷ ಬಾಯ್ಲರಿಗೆ ಹಾಕಿದ್ರು. ಹೇಳ್ಲೇ ಇಲ್ಲ. ಇಲ್ಲೇ ಬೆಚ್ಚಗೆ ಕೂತ್ಕೊಂಡು, ನಡುಗ್ತಾ ನಡುಗ್ತಾ ಮಾತಾಡ್ತಿದ್ದೆ."

ಹನ್ನೊಂದು ಚಳಿಗಾಲ ಹೀಗೇ ನಡೆದಿದೆ. ಕಳೆದ ವಾರ ಭಾವ ಗುಟ್ಟಾಗಿ ಫೋನ್ ಮಾಡಿದ್ದಾರೆ. ಅಕ್ಕ ಈ ಸಲ ರಜಾಯಿ ಹೊದೆಯುತ್ತಿಲ್ಲ, ಬೆಳಿಗ್ಗೆ ತಣ್ಣೀರಲ್ಲೇ ಸ್ನಾನ, ಕೆಮ್ಮು ಎದೆಗಿಳಿದಿದೆ. ಕೇಳಿದರೆ, "ತಮ್ಮ ಅಲ್ಲಿ ನಡುಗ್ತಿರುವಾಗ ನನಗೆ ಬಿಸಿನೀರು ಬೇರೆ ಕೇಡು" ಎನ್ನುತ್ತಾರಂತೆ.

"ಭೂಮಿ ಬಾಯಿಬಿಟ್ರೆ ಇಳಿದುಹೋಗೋಣ ಅನ್ನಿಸ್ತು" ಎನ್ನುವಾಗ ಹಬೆಯಣ್ಣ ನನ್ನ ಮುಖ ನೋಡುವುದಿಲ್ಲ. ನನಗೂ ಅಲ್ಲಿ ಬೆಚ್ಚಗೆ ಕೂತಿರಲು ಮುಜುಗರವಾಗುತ್ತದೆ. ಹೇಳಿಬಿಡಿ, ಈಗಲೇ ಹೇಳಿಬಿಡಿ ಎನ್ನುತ್ತೇನೆ. ಕೈ ಒರೆಸಿಕೊಂಡು ಫೋನ್ ಹಚ್ಚುತ್ತಾರೆ. ಯಂತ್ರದ ಸದ್ದಿನಲ್ಲಿ ಕೇಳಿಸಲೆಂದು ಸ್ಪೀಕರ್ ಹಾಕುತ್ತಾರೆ.

"ಅಕ್ಕಾ, ನಾನು ಇಲ್ಲಿ ಬೆಚ್ಚಗೇ ಇದ್ದೀನಿ. ಬಾಯ್ಲರ್ ಪಕ್ಕ ಕೆಲಸ. ಇಷ್ಟು ದಿನ ಸುಳ್ಳು ಹೇಳ್ದೆ. ತಪ್ಪಾಯ್ತು."

ಆ ಕಡೆ ಕೆಮ್ಮು. "ನಿನ್ ಭಾವ ಬಾಯಿಬಿಟ್ರಾ? ಅದಕ್ಕೇನಾ ಈ ನಾಟಕ?"

"ನಾಟಕ ಅಲ್ಲಕ್ಕಾ, ನಿನ್ನಾಣೆ. ಇಲ್ಲಿ ಸೆಕೆ."

"ಸೆಕೆಯಂತೆ ಸೆಕೆ! ಇಷ್ಟು ವರ್ಷ ನಡುಗ್ತಿದ್ದೋನಿಗೆ ಇವತ್ತು ಸೆಕೆಯಾಗಿಬಿಡ್ತಾ? ನನ್ನ ಸಮಾಧಾನಕ್ಕೆ ಹೇಳ್ಬೇಡ ಕಣೋ. ಕಿವಿಗೆ ಬಟ್ಟೆ ಕಟ್ಕೋ. ಇಡ್ತೀನಿ."

ಹಬೆಯಣ್ಣ ಫೋನ್ ಪಕ್ಕಕ್ಕಿಡುತ್ತಾರೆ. ಇಲ್ಲಿಂದ ಫೋಟೋ ಕಳಿಸೋಣವೆಂದರೆ ಆ ಮನೆಯಲ್ಲಿರುವುದು ಹಳೇ ಗುಂಡಿ ಫೋನು. ಭಾವ ವಾರಕ್ಕೊಮ್ಮೆ ನಮ್ಮ ಪೇಪರ್ ತಂದು ಓದುತ್ತಾರೆ, ಅಷ್ಟೇ. ನಾಚಿಕೆಯಿಂದ ಕಿವಿ ಕೆಂಪಾಗಿದ್ದರೂ ಹಬೆಯಣ್ಣ ಅಂಗಿ ಬಿಚ್ಚಿ, ಬನಿಯನ್ನಿನಲ್ಲಿ ಬಾಯ್ಲರಿನ ಪಕ್ಕ ಹೋಗಿ ನಿಲ್ಲುತ್ತಾರೆ.

"ನನ್ನ ಬಗ್ಗೆ ಹೊಗಳಿ ಏನೂ ಬರೀಬೇಡಿ ಮೇಡಂ. ಫೋಟೋ ಮಾತ್ರ ದೊಡ್ಡದಾಗಿ ಹಾಕಿ. ಬೆವರು ಕಾಣ್ಬೇಕು."