ರಹಮತ್ ಬಿ ತೊಳೆದಿಟ್ಟ ಡಬ್ಬ

ಕರಿದು ಕಪ್ಪಾದ ಎಣ್ಣೆಯನ್ನು ಚರಂಡಿಗೆ ಚೆಲ್ಲಿದವರು ನಮ್ಮ ಸೀಮೆಯಲ್ಲಿ ಅನೇಕರು. ಅದರ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, ಇದರೊಳಗೆ ಇನ್ನೆಷ್ಟು ಬೆಂಕಿ ಉಳಿದಿದ್ದೀತು ಎಂದು ಬೆರಗುಪಟ್ಟವರು ಶ್ರೀ ಶಿವರುದ್ರಸ್ವಾಮಿಯವರೊಬ್ಬರೇ. ಮೂವತ್ತಮೂರು ವರ್ಷ ರಸಾಯನಶಾಸ್ತ್ರ ಕಲಿಸಿ ಈಗಷ್ಟೇ ನಿವೃತ್ತರಾದ ಅವರು, ಬಾಣಲೆಯ ತಳದಲ್ಲೂ ಪಾಠವೊಂದನ್ನು ಕಾಣಬಲ್ಲ ಅಧ್ಯಾಪಕರು.

ಸೇವೆಯ ಮೊದಲ ವರ್ಷಗಳು ಚಾಮರಾಜನಗರದಲ್ಲಿ ಕಳೆದವು. ಒಮ್ಮೆ ಪುಣಜನೂರಿನ ಬಸ್ಸಿಗೆ ಆನೆ ಅಡ್ಡ ನಿಂತು, ವಿದ್ಯಾರ್ಥಿನಿಯೊಬ್ಬಳು ಪ್ರಾಯೋಗಿಕ ಪರೀಕ್ಷೆಗೆ ಎರಡು ಗಂಟೆ ತಡವಾಗಿ ಬಂದಳು. ಕಾರಣ ಹೇಳಲು ಬಾಯಿ ತೆರೆದವಳಿಗೆ ಮೊದಲು ಬರ್ನರ್ ಹಚ್ಚಿಕೊಟ್ಟು, ಪರೀಕ್ಷೆ ಮುಗಿದ ಮೇಲೆ ಆನೆಗೆ ದಂತವಿತ್ತೇ ಎಂದು ವಿಚಾರಿಸಿದರಂತೆ.

ಗುಂಡ್ಲುಪೇಟೆಗೆ ವರ್ಗವಾಗಿ ಬಂದಾಗ ಅವರ ಕಣ್ಣಿಗೆ ಮೊದಲು ಬಿದ್ದದ್ದು ಹಾಸ್ಟೆಲಿನ ಅಡುಗೆಯ ಪುಟ್ಟಸಿದ್ದಮ್ಮನವರ ಕೆಂಪು ಕಣ್ಣು. ಹುಡುಗಿಯರ ಸ್ನಾನದ ನೀರಿಗೆ ಹಸಿ ಸೌದೆ ಊದಿ ಊದಿ ಆದದ್ದು ಅದು. ಮೇಷ್ಟ್ರು ಹಿತ್ತಲಿನ ಶೆಡ್ಡಿನಲ್ಲಿ ಹಳೆಯ ಎಣ್ಣೆಯಿಂದ ಇಂಧನ ಮಾಡಲು ಕುಳಿತರು. ಬೇಗೂರಿನ ಹೋಟೆಲುಗಳಿಂದ ಒಂದಿಷ್ಟು, ಬಸ್ ನಿಲ್ದಾಣದ ಬಳಿ ಬೋಂಡಾ ಕರಿಯುವ ರಹಮತ್ ಬಿ ಅವರಿಂದ ಬಹುಪಾಲು ಎಣ್ಣೆ ಬರುತ್ತಿತ್ತು. ಅದನ್ನು ಸೋಸಿ, ಮೆಥನಾಲ್ ಮತ್ತು ಕಾಸ್ಟಿಕ್ ಸೋಡಾ ಬೆರೆಸಿಟ್ಟರೆ, ಮೇಲೆ ತಿಳಿಯಾಗಿ ನಿಲ್ಲುವುದೇ ಡೀಸೆಲಿನಂತೆ ಉರಿಯುವ ಇಂಧನ.

ನಿಲ್ಲಬೇಕಿತ್ತು; ನಿಲ್ಲಲಿಲ್ಲ. ಮೂರು ಸಲ ಪೀಪಾಯಿಯಲ್ಲಿ ಸೋಪಿನ ಮುದ್ದೆಯೇ ಕುಳಿತಿತು.

“ಡೀಸಲ್ ಮಾಡ್ತೀನಿ ಅಂತ ಸೋಪ್ ಮಾಡ್ಬುಟ್ರಲ್ಲ ಸಾ,” ಎಂದರು ಪುಟ್ಟಸಿದ್ದಮ್ಮ. “ಓಗ್ಲಿ ಬುಡಿ, ನೆಲ ತೊಳೆಯಕಾಯ್ತದೆ.”

ಪ್ರಾಂಶುಪಾಲರಾದ ರಘುನಾಥ ಅವರು ನಗಲಿಲ್ಲ. ಸಂಕ್ರಾಂತಿಯೊಳಗೆ ಒಲೆ ಉರಿಯದಿದ್ದರೆ ಶೆಡ್ಡಿಗೆ ಬೀಗ, ಹುಡುಗಿಯರಿಗೆ ಮತ್ತೆ ಸೌದೆಯ ಹೊಗೆ ಎಂದರು.

ತಪ್ಪು ಎಲ್ಲಿದೆಯೆಂದು ಹುಡುಕುತ್ತ ಮೇಷ್ಟ್ರು ಒಂದು ಬೆಳಿಗ್ಗೆ ಬೋಂಡಾ ಅಂಗಡಿಯ ಬೆಂಚಿನ ಮೇಲೆ ಕುಳಿತರು. ರಹಮತ್ ಬಿ ಎಣ್ಣೆಯ ಡಬ್ಬವನ್ನು ಸೀಗೆಪುಡಿ ಹಾಕಿ ಉಜ್ಜಿ, ಮೂರು ಸಲ ಜಾಲಿಸಿ, ಹಸಿಯಾಗಿರುವಾಗಲೇ ಎಣ್ಣೆ ತುಂಬಿದರು. “ಮೇಷ್ಟ್ರಿಗೆ ಕೊಳೆ ಡಬ್ಬ ಕೊಟ್ರೆ ನಮ್ಗೇನ್ ಮರ್ಯಾದೆ ಸಾರ್?”

ತಳದಲ್ಲಿ ಉಳಿದ ಆ ನೀರೇ ಕಾಸ್ಟಿಕ್ ಸೋಡಾದ ಜೊತೆ ಸೇರಿ, ಎಣ್ಣೆಯನ್ನು ಸೋಪಾಗಿಸಿ, ಮೂರು ಸಲವೂ ಕೆಲಸ ಕೆಡಿಸಿತ್ತು. “ಇಷ್ಟು ಚೊಕ್ಕ ಡಬ್ಬ ನಮ್ಮ ಲ್ಯಾಬಲ್ಲೂ ಇಲ್ಲ ಕಣಮ್ಮ,” ಎಂದಷ್ಟೇ ಹೇಳಿ, ಮೇಷ್ಟ್ರು ಡಬ್ಬ ಹೊತ್ತು ಬಂದರು. ಅಂದಿನಿಂದ ಕಾದ ಹಂಚಿನ ಮೇಲೆ ಒಂದು ಹನಿ ಎಣ್ಣೆ ಬಿಟ್ಟು, ಅದು ಚಟಪಟ ಎಂದರೆ, ನೀರು ಹೋಗುವವರೆಗೆ ಡಬ್ಬದ ಎಣ್ಣೆಯನ್ನೆಲ್ಲ ಕಾಯಿಸುವುದು ಅವರ ದಿನಚರಿಯಾಯಿತು. ಸಂಕ್ರಾಂತಿಗೆ ನಾಲ್ಕು ದಿನ ಮೊದಲೇ ಹಂಡೆಯ ನೀರು ಕುದಿಯಿತು. ಮರುವರ್ಷ ಕಾಲೇಜಿನ ಜೀಪೂ ಅದೇ ಎಣ್ಣೆಯಿಂದ ಓಡಿತು. ಅದು ಬೇಗೂರಿನಲ್ಲಿ ನಿಂತರೆ, “ಎಲ್ಲಿ ಬಜ್ಜಿ ಬುಡ್ತಾವ್ರೆ?” ಎಂದು ಜನ ಸುತ್ತ ನೋಡುತ್ತಿದ್ದರು.

ಹೀಗೆ ಆರು ವರ್ಷ ನಡೆದ ಮೇಲೆ ಹಂಚು ಇದ್ದಕ್ಕಿದ್ದಂತೆ ಮೌನವಾಯಿತು. ಚಟಪಟವಿಲ್ಲ, ನೀರಿಲ್ಲ. ಡಬ್ಬ ಮಾತ್ರ ಎಂದಿನಂತೆ ಫಳಫಳ. ಎಣ್ಣೆ ಬದಲಾಯಿತೇ, ಹವೆ ಬದಲಾಯಿತೇ ಎಂದು ಅವರು ಏನೆಲ್ಲ ಪರೀಕ್ಷಿಸಿದರೂ ಹೊಳೆಯದೆ, ತಮ್ಮ ಪುಸ್ತಕದಲ್ಲಿ ‘ಶಬ್ದವಿಲ್ಲ, ಕಾರಣ ತಿಳಿಯದು’ ಎಂದು ಬರೆದಿಟ್ಟರು. ರಹಮತ್ ಬಿ ಅವರನ್ನು ಕೇಳಿದ್ದರೆ ಒಂದೇ ಮಾತಿನಲ್ಲಿ ತಿಳಿಯುತ್ತಿತ್ತು. ಆದರೆ ಕೇಳಿದರೆ ಹಸಿ ಡಬ್ಬದ ಅವರ ಹಳೆಯ ತಪ್ಪನ್ನು ಎತ್ತಿ ಹೇಳಿದಂತಾಗುತ್ತಿತ್ತು.

ಕಾರಣ ತಿಳಿದದ್ದು ಕಳೆದ ತಿಂಗಳು, ಬೀಳ್ಕೊಡುಗೆಯ ದಿನ. ಅದನ್ನು ಹೇಳಿದವಳು ರಹಮತ್ ಬಿ ಅವರ ಜೊತೆ ಬಂದಿದ್ದ ಮೊಮ್ಮಗಳು ಅಫ್ರೀನ್, ಮೇಷ್ಟ್ರ ತರಗತಿಯಲ್ಲೇ ಓದಿದವಳು. ಇಂಧನ ಮಾಡುವಾಗ ನೀರು ಸೇರಿದರೆ ಎಣ್ಣೆ ಸೋಪಾಗುತ್ತದೆಂಬ ಪಾಠವನ್ನು ಅವಳು ಕಲಿತ ದಿನವೇ ಮನೆಗೆ ಒಯ್ದಿದ್ದಳು. ಅಂದಿನಿಂದ ಅಜ್ಜಿ ಡಬ್ಬ ತೊಳೆದು, ಬಿಸಿಲಿಗೆ ಬೋರಲು ಹಾಕಿ, ಒಣಬಟ್ಟೆಯಲ್ಲಿ ಒರೆಸಿ ತುಂಬುತ್ತಿದ್ದರು.

“ಯಾಕೆ ಹೇಳಲಿಲ್ಲಮ್ಮ?” ಎಂದರು ಮೇಷ್ಟ್ರು.

“ನೀವೇಳಿದ್ರಾ ಸಾರ್?” ಎಂದರು ರಹಮತ್ ಬಿ.

ಮೇಷ್ಟ್ರು ಬಹಳ ಹೊತ್ತು ನಕ್ಕು, ಚೀಲದಿಂದ ಆ ಪುಸ್ತಕ ತೆಗೆದು, ‘ತಿಳಿಯದು’ ಎಂಬುದನ್ನು ಹೊಡೆದುಹಾಕಿ, ‘ರಹಮತ್ ಬಿ’ ಎಂದು ಬರೆದರು. ಅದರಲ್ಲಿ ಬರೆಯದ ಹಾಳೆಗಳು ಇನ್ನೂ ಬೇಕಾದಷ್ಟಿವೆ. ಅವೆಲ್ಲ ತುಂಬುವಷ್ಟು ಆಯುಸ್ಸು, ಹೊಸ ಪುಸ್ತಕವೊಂದನ್ನು ತೆರೆಯುವಷ್ಟು ಆರೋಗ್ಯ ಶಿವರುದ್ರಸ್ವಾಮಿಯವರಿಗೆ ಒದಗಲಿ. ಡಬ್ಬ ಇನ್ನು ಮೇಲೆ ಅವರ ಮನೆಯ ಬಾಗಿಲಿಗೇ ಬರುತ್ತದಂತೆ, ಒಣಗಿಕೊಂಡು.