ಎರಡು ಹಗ್ಗದ ಇಂಗ್ಲಿಷು

ಪುರುಷೋತ್ತಮ ಮಾಸ್ತರು ಇಂಗ್ಲಿಷಿನ ಯಾವ ಶಬ್ದವನ್ನೂ ಒಂಟಿಯಾಗಿ ಕಲಿಸಿದವರಲ್ಲ. ‘ಫಿಶ್’ ಅಂದರೆ ಮೀನು ಎಂದು ಹೇಳಿ ಸುಮ್ಮನಾಗುತ್ತಿರಲಿಲ್ಲ. ಅದರ ಬೆನ್ನಿಗೇ ‘ಡಿಶ್’ ಅಂದರೆ ತಾಟು ಎನ್ನುವರು. ಆಮೇಲೆ ಬಲಗೈಯಲ್ಲಿ ಒಂದು ಚಿಟಿಕೆ ಹೊಡೆದು ಎದುರಿನವರ ಬಾಯಿ ನೋಡುತ್ತ ನಿಲ್ಲುವರು. ಅದೇ ದನಿಯಲ್ಲಿ ಮುಗಿಯುವ ಇನ್ನೊಂದು ಶಬ್ದ ಅಲ್ಲಿಂದ ಬರಬೇಕು, ಅದರ ಅರ್ಥವೂ ಬರಬೇಕು. ‘ವಿಶ್, ಆಸೆ’ ಎಂದು ಯಾರಾದರೂ ಹೇಳುವ ತನಕ ಅವರು ಅಲ್ಲಿಂದ ಕದಲುತ್ತಿರಲಿಲ್ಲ.

ಮಕ್ಕಳೇ, ಮೊನ್ನೆ ನಿಮ್ಮ ಪಾಠದಲ್ಲಿ ಇಂಥ ಶಬ್ದಗಳು ಬಂದಾಗ ನಾನು ಅಡುಗೆಮನೆಯಿಂದಲೇ ಉತ್ತರ ಹೇಳಿದೆ. ಊರಿನ ಕನ್ನಡ ಶಾಲೆಯಲ್ಲಿ ಏಳನೇ ಯತ್ತೆ ಓದಿದ ಅಜ್ಜಿಗೆ ಇದೆಲ್ಲ ಎಲ್ಲಿಂದ ಬಂತು ಎಂದು ಕೇಳಿ ನಕ್ಕಿರಿ. ಬಾಯಲ್ಲಿ ಹೇಳುವುದು ನನಗೆ ಕಷ್ಟ. ಅದಕ್ಕೇ ಬರೆಯುತ್ತಿದ್ದೇನೆ.

ಮಾಸ್ತರು ಕಾರವಾರದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾಗಿ, ತಂಗಿ ಸುಶೀಲಕ್ಕನ ಜೊತೆ ಬೆಳಂಬಾರದಲ್ಲಿ ನಮ್ಮ ಪಕ್ಕದ ಮನೆಗೆ ಬಂದರು. ಮದುವೆಯಾದವರಲ್ಲ. ಅಂಕೋಲೆಯ ಪೇಟೆಗೆ ಹೊರಟರೂ ಇಸ್ತ್ರಿ ಮಾಡಿದ ಬಿಳಿ ಅಂಗಿ. ಬಸ್ಸಿನಲ್ಲಿ ಕಂಡಕ್ಟರ್ ಬೇಕೆಂದೇ ಅವರ ಮುಂದೆ ನಿಂತು “ಟಿಕೆಟ್!” ಎಂದು ಕೂಗುತ್ತಿದ್ದ. “ಕ್ರಿಕೆಟ್!” ಎಂದು ಇವರು. “ವಿಕೆಟ್!” ಎಂದು ಹಿಂದಿನ ಸೀಟಿನ ಮೀನುಬುಟ್ಟಿಯ ಹೆಂಗಸರು. ಬಸ್ಸಿಗೆ ಬಸ್ಸೇ ನಗುತ್ತಿತ್ತು.

ನಿಮ್ಮ ಅಜ್ಜ ತೀರಿಹೋಗಿ ಆಗ ಹೆಚ್ಚು ಕಾಲ ಆಗಿರಲಿಲ್ಲ. ನಮ್ಮ ದಂಡೆಯಲ್ಲಿ ರಂಪಣಿ ಬಲೆ ಇನ್ನೂ ಉಳಿದಿತ್ತು. ದೋಣಿಯಲ್ಲಿ ಹೋಗಿ ಬಲೆಯನ್ನು ಅರ್ಧಚಂದ್ರದ ಹಾಗೆ ಬಿಟ್ಟು ಬರುತ್ತಾರೆ. ಅದರ ಎರಡು ತುದಿಯ ಹಗ್ಗಗಳನ್ನು ಊರವರು ದಂಡೆಯ ಮೇಲೆ ನಿಂತು ಎಳೆಯುತ್ತಾರೆ. ಗಂಡಸರು ಬಹಳ ಮಂದಿ ಟ್ರಾಲರ್ ದೋಣಿಗಳ ಕೆಲಸಕ್ಕೆ ಹೋಗುತ್ತಿದ್ದುದರಿಂದ ಹೆಂಗಸರೂ ಹಗ್ಗ ಹಿಡಿಯುತ್ತಿದ್ದೆವು. ಹಗ್ಗಕ್ಕೆ ಕೈ ಹಚ್ಚಿದವರಿಗೆಲ್ಲ ಮೀನಿನಲ್ಲಿ ಪಾಲು. ಅವರು ಯಾರು, ಎಷ್ಟು ಎಳೆದರು ಎಂದು ಕೇಳುವ ಪದ್ಧತಿ ಇಲ್ಲ.

ಹೊಸ ನೆರೆಯವರೆಂದು ನನ್ನ ಮೈದುನ ಗಣಪತಿ ಒಂದು ದಿನ ಬಂಗಡೆ ಮೀನು ಕೊಟ್ಟು ಬರಲು ಹೋದ. ಮಾಸ್ತರು ಮುಟ್ಟಲಿಲ್ಲ.

“ಹಗ್ಗ ಮುಟ್ಟದೇ ಮೀನು ತಿಂಬೂದಾ? ನಂಗೆ ಬ್ಯಾಡ ತಮ್ಮಾ.”

ಮರುದಿನ ಬೆಳಿಗ್ಗೆ ಪಂಚೆ ಮೇಲೆ ಕಟ್ಟಿ ದಂಡೆಗೆ ಬಂದರು. ಅಂಗೈಯಲ್ಲಿ ಬೊಬ್ಬೆ ಎದ್ದರೂ ಬಿಡಲಿಲ್ಲ. ಎರಡು ಹಗ್ಗ ಸಮನಾಗಿ ಬರಬೇಕು, ಒಂದು ಮುಂದಾದರೆ ಬಲೆ ವಾರೆಯಾಗಿ ಮೀನು ತಪ್ಪಿಸಿಕೊಳ್ಳುತ್ತದೆ ಎಂಬುದನ್ನು ನೋಡಿದವರೇ ತಮ್ಮ ಪಾಠವನ್ನು ಅಲ್ಲಿಗೂ ತಂದರು. ಬಡಗಣ ಹಗ್ಗದವರು ಒಂದು ಶಬ್ದ ಕೂಗಿ ಎಳೆಯಬೇಕು. ತೆಂಕಣ ಹಗ್ಗದವರು ಅದಕ್ಕೆ ಜೋಡಿ ಕೂಗಿ ಎಳೆಯಬೇಕು.

“ನೆಟ್, ಬಲೆ!”

“ವೆಟ್, ಒದ್ದೆ!”

ನಗುತ್ತ ನಗುತ್ತ ಶುರುವಾದದ್ದು ರೂಢಿಯಾಯಿತು. ‘ವೈಫ್, ಹೆಂಡತಿ, ಲೈಫ್, ಜೀವ, ನೈಫ್, ಚೂರಿ’ ಎಂದು ಕಲಿಸಿದ ದಿನ ನಮ್ಮ ಕೇರಿಯ ನಾಗಮ್ಮ ಹಗ್ಗ ಹಿಡಿದುಕೊಂಡೇ ಕೇಳಿದಳು, “ಹೆಂಡ್ತಿ, ಜೀವ, ಚೂರಿ! ಮಾಸ್ತರ್ರು ಮದಿ ಆಗದೇ ಉಳದದ್ದು ಇದ್ಕೇಯಾ?”

“ಹೌದೇ ಮಾರಾಯ್ತಿ, ಮೂರೂ ಒಂದೇ ಮನೇಲಿ ಬ್ಯಾಡ ಅಂತ,” ಎಂದರು ಮಾಸ್ತರು.

ನಾನು ಬಡಗಣ ಹಗ್ಗದ ಕೊನೆಯಲ್ಲಿ ನಿಲ್ಲುತ್ತಿದ್ದೆ. ಎಲ್ಲ ಶಬ್ದವೂ ಗೊತ್ತು, ತುಟಿ ಅಲುಗುತ್ತಿತ್ತು, ದನಿ ಬರುತ್ತಿರಲಿಲ್ಲ. ಅವರು ಅದನ್ನು ಕಂಡಿದ್ದರು.

“ತಂಗೀ, ಬಾಯಿ ಆಡ್ತದೆ, ದನಿ ಎಲ್ಲಿಟ್ಟೆ?”

“ನಾಚ್ಕೆ ಆಗ್ತದೆ ಮಾಸ್ತರ್ರೇ.”

“ಇರ್ಲಿ. ಬೇಕಾದಾಗ ಬತ್ತದೆ.” ಮತ್ತೆ ಯಾವತ್ತೂ ಒತ್ತಾಯ ಮಾಡಲಿಲ್ಲ.

ಕೆಲವು ವರ್ಷ ಕಳೆದ ಮೇಲೆ ಅವರಿಗೆ ಲಕ್ವಾ ಹೊಡೆಯಿತು. ಕಾರವಾರದ ಆಸ್ಪತ್ರೆಯಿಂದ ಮನೆಗೆ ಬಂದಾಗ ಬಲಗೈ ಸತ್ತಿತ್ತು, ಮಾತು ಹೋಗಿತ್ತು. ಊರಿಗೆಲ್ಲ ಶಬ್ದ ಹಂಚಿದವರು ನೀರು ಬೇಕೆನ್ನಲಾಗದೆ ಗೋಡೆ ನೋಡುತ್ತ ಮಲಗಿದರು. ನಾವು ಕೊಟ್ಟ ಮೀನನ್ನು ಸುಶೀಲಕ್ಕ ಬೇಯಿಸಿ ಗಂಜಿಗೆ ಇಟ್ಟರೆ ಮುಖ ತಿರುಗಿಸುತ್ತಿದ್ದರು. ಕಾರಣ ನಮಗೆ ತಿಳಿಯಿತು. ಹಗ್ಗ ಮುಟ್ಟಿರಲಿಲ್ಲ.

ಗಣಪತಿಯೂ ಇನ್ನಿಬ್ಬರೂ ಸೇರಿ ಅವರನ್ನು ಕುರ್ಚಿಸಮೇತ ದಂಡೆಗೆ ಹೊತ್ತು ತಂದರು. ತೆಂಕಣ ಹಗ್ಗವನ್ನು ಅವರ ಎಡಗೈಗೆ ಕೊಟ್ಟರು. ಎಲ್ಲರೂ ಎಳೆಯಲು ನಿಂತರೂ ಯಾರಿಗೂ ಶಬ್ದ ಕೂಗುವ ಮನಸ್ಸಾಗಲಿಲ್ಲ. ಮಾತು ಹೋದವರ ಎದುರು ಹೇಗೆ ಕೂಗುವುದು? ಮಾಸ್ತರು ನಮ್ಮ ಹಗ್ಗದ ಕಡೆಗೇ ನೋಡುತ್ತಿದ್ದರು. ಆ ನೋಟವನ್ನು ತಡೆಯಲಾರದೆ ನಾನು ಕೂಗಿಬಿಟ್ಟೆ.

“ಸ್ಯಾಂಡ್, ಹೊಯ್ಗೆ!”

ಅವರ ಬಾಯಿ ಸೊಟ್ಟಗಾಯಿತು. ಕುತ್ತಿಗೆಯ ನರ ಉಬ್ಬಿತು.

“ಹ್ಯಾಂಡ್.”

ಎಳೆಯುವವರೆಲ್ಲ ನಿಂತುಬಿಟ್ಟರು. “ಬಿಡಬ್ಯಾಡ್ರೇ, ಹಗ್ಗ ಬಿಡಬ್ಯಾಡ್ರೇ!” ಎಂದು ನಾಗಮ್ಮ ಕಿರುಚಿದಳು. ಅವಳೇ ಎಲ್ಲರಿಗಿಂತ ಮೊದಲು ಅಳುತ್ತಿದ್ದಳು. ಆ ಮಧ್ಯಾಹ್ನ ಮಾಸ್ತರು ಮೀನು ಉಂಡರು.

ಅಂದಿನಿಂದ ಹೀಗೇ ಆಯಿತು. ತಾವಾಗಿ ಮೊದಲ ಶಬ್ದ ಹೇಳಲು ಅವರಿಗೆ ಆಗುತ್ತಿರಲಿಲ್ಲ. ನಾವು ಒಂದು ಹೇಳಿದರೆ ಅದರ ಜೋಡಿ ಬರುತ್ತಿತ್ತು, ಅದೂ ಅವರಿಗೆ ಅದೇ ಬೇಕಾಗಿದ್ದರೆ ಮಾತ್ರ. ‘ಡಾಟರ್’ ಎಂದಾಗ ‘ವಾಟರ್’ ಎಂದರೆ ಬಾಯಾರಿಕೆ. ‘ಹೆಡ್’ ಎಂದಾಗ ‘ಬೆಡ್’ ಎಂದರೆ ಮಲಗಿಸಬೇಕು. ಸುಶೀಲಕ್ಕನಿಗೆ ಕೊಂಕಣಿಯೇ ಹೆಚ್ಚು, ಇಂಗ್ಲಿಷ್ ಬಾರದು. ಹಾಗಾಗಿ ದಿನಾ ಕೆಲಸ ಮುಗಿಸಿ ನಾನು ಹೋಗಿ ಕೂರುತ್ತಿದ್ದೆ. ನಾನು ಶಬ್ದ ಹೇಳಿ, ಅವರ ಬದಲಿಗೆ ನಾನೇ ಚಿಟಿಕೆ ಹೊಡೆಯುತ್ತಿದ್ದೆ. ನಾಲ್ಕು ಜನರ ಮುಂದೆ ಬಾಯಿ ತೆರೆಯದ ನಾನು ಅಲ್ಲಿ ಮಾತ್ರ ಜೋರಾಗಿ ಮಾತಾಡಿದೆ.

ಮಳೆಗಾಲ ಬಂತು. ಬಲೆ ಮಡಚಿಟ್ಟಿದ್ದರು. ಒಂದು ಮಧ್ಯಾಹ್ನ ಸುಶೀಲಕ್ಕ ಓಡಿ ಬಂದರು. “ಎಂತದೋ ಕೇಳ್ತಾ ಇದ್ದ, ನಂಗೆ ತಿಳೀದಿಲ್ಲ, ಬಾರೇ.”

‘ಡಾಟರ್’ ಎಂದೆ. ಇಲ್ಲ. ‘ಹೆಡ್’ ಎಂದೆ. ತಲೆ ಅಲ್ಲಾಡಿಸಿದರು. ಉಸಿರು ಗೊರಗುಟ್ಟುತ್ತಿತ್ತು. ನನಗೆ ಗೊತ್ತಿದ್ದ ಶಬ್ದಗಳೆಲ್ಲ ಮುಗಿಯುತ್ತ ಬಂದವು. ಅವರ ಕಣ್ಣು ಬಾಗಿಲ ಮೇಲಿತ್ತು.

“ಡೋರ್, ಬಾಗಿಲು,” ಎಂದೆ.

“ಶೋರ್.”

ದಂಡೆ. ಹೊರಗೆ ಒಂದೇ ಸಮನೆ ಮಳೆ, ಸಮುದ್ರ ರಸ್ತೆಯವರೆಗೆ ಬರುತ್ತಿತ್ತು. ಆ ಸ್ಥಿತಿಯಲ್ಲಿ ಅವರನ್ನು ಹೊರುವುದು ಹೇಗೆ? ಗಣಪತಿ ಹೋಗಿ, ಅಟ್ಟದ ಮೇಲಿದ್ದ ಬಲೆಯ ಹಗ್ಗವನ್ನು ಹೆಗಲ ಮೇಲೆ ಹಾಕಿಕೊಂಡು ನೆನೆಯುತ್ತ ಬಂದ. ಒಂದು ತುದಿ ಮಾಸ್ತರ ಎಡಗೈಗೆ, ಇನ್ನೊಂದು ತುದಿ ಬಾಗಿಲಲ್ಲಿ ನಿಂತ ನನ್ನ ಕೈಗೆ. ಹಗ್ಗಕ್ಕೆ ಉಪ್ಪಿನ ವಾಸನೆ ಇತ್ತು. ಮಾಸ್ತರು ಮೂಸಿ ನೋಡಿದರು.

“ನೆಟ್, ಬಲೆ,” ಎಂದು ಮೆಲ್ಲಗೆ ಎಳೆದೆ.

“ವೆಟ್,” ಎಂದರು.

“ಸ್ಯಾಂಡ್, ಹೊಯ್ಗೆ.”

ಈ ಸಲ ದನಿ ಬರಲಿಲ್ಲ. ಆದರೆ ಹಗ್ಗ ಬಿಗಿಯಾಯಿತು. ಅವರು ಎಳೆದಿದ್ದರು. ಸ್ವಲ್ಪ ಹೊತ್ತಿನ ಮೇಲೆ ಅದು ಸಡಿಲವಾಯಿತು. ಸುಶೀಲಕ್ಕ ಅಣ್ಣನ ಬೆರಳುಗಳನ್ನು ಒಂದೊಂದಾಗಿ ಹಗ್ಗದಿಂದ ಬಿಡಿಸಿದರು.

ಮಳೆ ಕಡಿಮೆಯಾಗಿ ಮೊದಲ ಬಲೆ ಬಂದ ದಿನ ಗಣಪತಿ ಪಾಲು ಹಾಕುವಾಗ ಒಂದು ಗುಡ್ಡೆ ಮೀನನ್ನು ಬೇರೆ ಇಟ್ಟ. ಅದನ್ನು ಸುಶೀಲಕ್ಕನ ಮನೆಗೆ ನಾನೇ ಒಯ್ದೆ. ಅವರು ಬಾಗಿಲಲ್ಲೇ ತಡೆದರು.

“ಬ್ಯಾಡ ತಂಗೀ. ಪುಕ್ಕಟೆ ತಗಂಡ್ರೆ ಅಣ್ಣ ಬೈತಿದ್ದ.”

“ಪುಕ್ಕಟೆ ಅಲ್ಲ ಸುಶೀಲಕ್ಕಾ,” ಎಂದೆ. “ಅವ್ರು ಹಗ್ಗ ಹಿಡ್ದೇ ಹೋಗಿದ್ರು.”

ಸುಶೀಲಕ್ಕ ಒಳಗೆ ಹೋಗಿ ತಾಟು ತಂದು ಮುಂದೆ ಹಿಡಿದರು.