ಹಸಿರು ಬಳಿದ ಕಲ್ಲು

ನಮ್ಮ ಮನೆಯ ಅಟ್ಟದ ಮೇಲೆ, ಉಪ್ಪಿನಕಾಯಿ ಜಾಡಿಗೂ ಕೆಟ್ಟುಹೋದ ಮಿಕ್ಸಿಗೂ ನಡುವೆ, ಹಸಿರು ಬಣ್ಣದ ಡಬ್ಬಿಯೊಂದು ಕೂತಿದೆ. ಗೇಟು ತುಕ್ಕು ಹಿಡಿದು ವರ್ಷವಾಯಿತು, ಕಿಟಕಿಯ ಸರಳುಗಳು ಬಣ್ಣ ಕಾಣದೆ ಬೇಸತ್ತಿವೆ. ಆದರೂ ಅದನ್ನು ಮುಟ್ಟುವ ಹಕ್ಕು ನನಗಿಲ್ಲ. ಅದು ನಮ್ಮ ಸೋದರತ್ತೆ ಗೌರಮ್ಮನವರ ಸ್ವತ್ತು. ಮೊಮ್ಮಕ್ಕಳನ್ನು ಕಂಡ ರೈತ ಹೆಂಗಸಿಗೆ ಪೇಂಟಿನ ಡಬ್ಬಿ ಯಾತಕ್ಕೆ ಎಂದು ನೀವು ಕೇಳುತ್ತೀರಿ, ಕೇಳಲೇಬೇಕು. ಅದನ್ನು ಹೇಳುವುದಕ್ಕೆ ನಾನೊಮ್ಮೆ ಬೆಟ್ಟ ಸುತ್ತಿ ಬರಬೇಕಾಗುತ್ತದೆ. ಪುರುಸೊತ್ತಿದ್ದರೆ ನೀವೂ ಜೊತೆಗೆ ಬನ್ನಿ.

ನಾನು ದೇವನಹಳ್ಳಿಯ ಪ್ರೌಢಶಾಲೆಯೊಂದರಲ್ಲಿ ಪಿ.ಟಿ. ಮೇಡಂ. ವಿಮಾನಗಳು ನಮ್ಮ ತಲೆಯ ಮೇಲೆ ಹಾರಾಡತೊಡಗಿದ ಮೇಲೆ ಈ ಕಡೆ ಏನೇನೋ ಬಂದವು, ಅವುಗಳಲ್ಲಿ ನನ್ನ ಕುತೂಹಲ ಕೆರಳಿಸಿದ್ದು ಭಾನುವಾರದ ಬೆಳಗ್ಗೆ ನೆತ್ತಿಯ ಮೇಲೆ ಸೈಕಲ್ ಕಟ್ಟಿಕೊಂಡು ಬರುತ್ತಿದ್ದ ಕಾರುಗಳು. ಸೈಕಲ್ ಹೊರುವ ಕಾರು, ಕಾರಿದ್ದೂ ಸೈಕಲ್ ತುಳಿಯುವ ಜನ, ಅದೂ ಡಾಂಬರು ರಸ್ತೆ ಬಿಟ್ಟು ಕಲ್ಲುಮುಳ್ಳಿನ ಬೆಟ್ಟದಲ್ಲಿ! ನಗುತ್ತ ವಿಚಾರಿಸಿದೆ, ವಿಚಾರಿಸುತ್ತ ಒಂದು ಸಲ ತುಳಿದೆ, ತುಳಿದು ಬಿದ್ದೆ, ಬಿದ್ದ ಮೇಲೆ ಬಿಡಲಾಗದೆ ಗುಂಪಿಗೆ ಸೇರಿಯೇಬಿಟ್ಟೆ. ಗುಂಪನ್ನು ನಡೆಸುತ್ತಿದ್ದ ನಂದಿತಾ ಎಂಬ ಚುರುಕು ಹುಡುಗಿ ಹೊಸ ಬೆಟ್ಟ ಬೇಕೆಂದಾಗ ನಾನು ತೋರಿಸಿದ್ದು ದೊಡ್ಡಬಳ್ಳಾಪುರದ ಕಡೆಯ ಒಂದು ಗುಡ್ಡವನ್ನು. ಅದರ ಬುಡದಲ್ಲಿಯೇ ನಮ್ಮ ಅತ್ತೆಯ ಹೊಲ.

ಈ ಆಟದಲ್ಲಿ ದಾರಿಗಳಿಗೂ ತರಗತಿಗಳಿವೆ. ಕಲಿಯುವವರಿಗೆ ಹಸಿರು, ಸ್ವಲ್ಪ ಪಳಗಿದವರಿಗೆ ನೀಲಿ, ಎದೆಗಾರಿಕೆ ಇದ್ದವರಿಗೆ ಕಪ್ಪು. ನಮ್ಮ ಗುಡ್ಡದಲ್ಲಿ ಹಸಿರು ದಾರಿ ಅತ್ತೆಯ ಬದುವಿನಿಂದ ಹೊರಟು, ಕೆರೆಯ ಏರಿಯ ಮೇಲೆ ಸಾಗಿ, ನೀಲಗಿರಿ ತೋಪಿನಲ್ಲಿ ನುಸುಳಿ, ಗುಡ್ಡದ ಬುಡವನ್ನು ಸುತ್ತಿ ಮತ್ತೆ ಅದೇ ಬದುವಿಗೆ ಬಂದು ಸೇರುತ್ತದೆ. ನೀಲಿಯದು ಮಳೆನೀರು ಕೊರೆದ ಕೊರಕಲುಗಳ ಮೇಲೆ ಎಗರುವ ದಾರಿ. ಕಪ್ಪಿನದು ನೆತ್ತಿಯಿಂದ ಬೋಳುಬಂಡೆಯ ಮೇಲೆ ನೇರ ಇಳಿಯುವುದು. ಅದನ್ನು ನಾನು ಕೆಳಗೆ ನಿಂತು ನೋಡುವುದಷ್ಟೇ. ಯೋಚಿಸಿದರೆ ಕನ್ನಡ ಈ ವಿಂಗಡಣೆಯನ್ನು ಬಣ್ಣವಿಲ್ಲದೆಯೇ ಮಾಡಿ ಮುಗಿಸಿದೆ: ಬಂಡಿಜಾಡು, ಕಾಲುದಾರಿ, ಮೇಕೆಜಾಡು. ಎತ್ತು ಎಳೆಯಬಲ್ಲದ್ದು, ಮನುಷ್ಯ ನಡೆಯಬಲ್ಲದ್ದು, ಇವರಿಬ್ಬರ ಕೈಲೂ ಆಗದೆ ಮೇಕೆಗೆ ಬಿಟ್ಟುಕೊಟ್ಟದ್ದು. ದಾರಿಯ ಹೆಸರಿನಲ್ಲೇ ಅದು ಯಾರದೆಂಬುದೂ ಇದೆಯಲ್ಲ ಎಂದು ನಾನು ಸಂಭ್ರಮದಿಂದ ನಂದಿತಾಳಿಗೆ ಹೇಳಿದರೆ, ಅವಳು ನಕ್ಕು ನನ್ನ ಕೈಗೆ ಹಸಿರು ಡಬ್ಬಿ ಕೊಟ್ಟಳು. ನಾನೂ ಹಸಿರು ದರ್ಜೆಯ ವಿದ್ಯಾರ್ಥಿನಿಯೇ ತಾನೆ. ದಾರಿಯುದ್ದಕ್ಕೂ ಕಲ್ಲು ಕಂಡಲ್ಲೆಲ್ಲ ಬಳಿದುಕೊಂಡು ಬಂದೆ, ಮೊದಲ ಕಲ್ಲು ಅತ್ತೆಯ ಬದುವಿನದೇ. ಅತ್ತೆ ಆಗ ಮಗಳ ಬಾಣಂತನಕ್ಕೆಂದು ಹೊಸಕೋಟೆಯ ಆಚೆ ಜಡಿಗೇನಹಳ್ಳಿಗೆ ಹೋಗಿದ್ದರು. ಉಳಿದ ಬಣ್ಣವನ್ನು ನಾನೇ ಮನೆಗೆ ತಂದೆ.

ಪುನರ್ವಸು ಮಳೆ ಹದವಾಗಿ ಬಿತ್ತು. ಸುತ್ತಮುತ್ತಲ ಹೊಲಗಳಲ್ಲೆಲ್ಲ ರಾಗಿ ಬಿತ್ತನೆಯಾಗಿ, ಎಳೆಯ ಪೈರು ಸಾಲುಸಾಲಾಗಿ ತಲೆಯೆತ್ತಿತು. ನಮ್ಮ ಅತ್ತೆಯ ಹೊಲ ಮಾತ್ರ ಉತ್ತದ್ದು ಉತ್ತ ಹಾಗೇ ಕೆಂಪಗೆ ಬಿದ್ದಿತ್ತು. ಬಾಣಂತನ ಮುಗಿಸಿ ಬಂದು ಎಷ್ಟೋ ದಿನವಾಗಿತ್ತು, ಬಿತ್ತನೆಯ ಬೀಜ ಮೊರದಲ್ಲಿತ್ತು, ಮೈಯಲ್ಲಿ ಕಸುವೂ ಇತ್ತು. ಮಳೆಗೆ ಮೊದಲು ಮಣ್ಣು ಮೂಸಿ ನೋಡುವ ಹೆಂಗಸು ಜಗಲಿಯಲ್ಲಿ ಸುಮ್ಮನೆ ಅವರೆಕಾಳು ಆರಿಸುತ್ತ ಕೂತಿದ್ದರು. ಹದ ಆರಿಹೋದರೆ ಆ ವರ್ಷದ ಮುದ್ದೆ ಹೋದಂತೆಯೇ. ಸೈಕಲ್ಲನ್ನು ಗೋಡೆಗೆ ಒರಗಿಸಿ, ಯಾಕತ್ತೆ ಬಿತ್ತಿಲ್ಲ ಎಂದು ಕೇಳಿದೆ.

“ಅಳತೆ ಕಲ್ಲಿಗೆ ಬಣ್ಣ ಬಿದ್ದೈತಲ್ಲವ್ವ,” ಎಂದರು ಅತ್ತೆ, ಕಾಳಿನಿಂದ ಕಣ್ಣೆತ್ತದೆ. “ಯಾರ ಪಾಲಿಗೆ ಬಿತ್ತಲಿ?”

ನನಗೆ ಒಂದು ಕ್ಷಣ ತಿಳಿಯಲಿಲ್ಲ, ತಿಳಿದ ಮೇಲೆ ನಗು ಬಂತು, ನಗು ಬಂದಷ್ಟೇ ಬೇಗ ಇಂಗಿಹೋಯಿತು. ಅತ್ತೆಯ ಮೊದಲ ಹೊಲ ದೇವನಹಳ್ಳಿಯ ಕಡೆ ಇತ್ತು. ಅಲ್ಲಿಯೂ ಒಂದು ಬೆಳಗ್ಗೆ ಬದುವಿನ ಕಲ್ಲಿಗೆ ಬಣ್ಣ ಬಿದ್ದಿತ್ತಂತೆ. ಅದು ರಸ್ತೆ ಅಳೆಯುವವರ ಗುರುತೆಂದು ತಿಳಿಯದೆ ಇವರು ಬಿತ್ತಿದರು, ಕಳೆ ಕಿತ್ತರು, ತೆನೆ ಹಾಲುದುಂಬುವ ಹೊತ್ತಿಗೆ ಯಾವುದೋ ರಸ್ತೆಗೆಂದು ಜೆಸಿಬಿ ಬಂದು ಪೈರಿನ ಮೇಲೆಯೇ ಹರಿಯಿತು. ಹೊಲ ಹೋದದ್ದಕ್ಕಿಂತ ಆ ಹಾಲುತೆನೆ ಮಣ್ಣಾದದ್ದನ್ನೇ ಅವರು ಮತ್ತೆ ಮತ್ತೆ ಹೇಳುತ್ತಿದ್ದರು. ಆಮೇಲೆ ಕೊಂಡದ್ದು ಈ ಗುಡ್ಡದ ಬುಡದ ಹೊಲ. ನನಗೆ ‘ಸಲೀಸು’ ಎಂದು ಕಾಣುವ ಹಸಿರು ಅವರಿಗೆ ‘ಹೋಯಿತು’ ಎಂದು ಕಂಡಿತ್ತು. ಒಂದೇ ಕಲ್ಲು, ಒಂದೇ ಬಣ್ಣ, ಓದುವವರು ಬೇರೆ.

ಬಣ್ಣ ಬಳಿದವಳು ನಾನೇ, ಅದು ಸೈಕಲ್ಲಿನವರ ಗುರುತು ಎಂದು ಹೇಳಿದೆ. ಅತ್ತೆ ನಂಬಲಿಲ್ಲ. ಆಟಕ್ಕೆಂದು ಕಲ್ಲಿಗೆ ಬಣ್ಣ ಬಳಿಯುವವರೂ ಇರುತ್ತಾರೆಯೇ ಎಂಬುದು ಅವರ ಪ್ರಶ್ನೆ. ಅದು ನ್ಯಾಯವಾದ ಪ್ರಶ್ನೆಯೇ. ತಮ್ಮ ಸಮಾಧಾನಕ್ಕೆ ನಾನು ಸುಳ್ಳು ಕಟ್ಟುತ್ತಿದ್ದೇನೆಂದು ಅವರಿಗೆ ಅನುಮಾನ. ಕೊನೆಗೆ ಮೊರವನ್ನು ಪಕ್ಕಕ್ಕಿಟ್ಟು, ಸೆರಗು ಸಿಕ್ಕಿಸಿ ಎದ್ದು ನಿಂತರು. ಬಣ್ಣ ಎಲ್ಲಿಗೆ ಹೋಗುತ್ತದೋ ತೋರಿಸು ಅಂದರು.

ಹೀಗೆ ನಾವಿಬ್ಬರೂ ಹಸಿರು ದಾರಿ ಹಿಡಿದೆವು. ಅತ್ತೆ ಮುಂದೆ, ಸೈಕಲ್ ತಳ್ಳಿಕೊಂಡು ನಾನು ಹಿಂದೆ. ಪ್ರತಿ ಕಲ್ಲಿನ ಹತ್ತಿರವೂ ನಿಂತು, ಬಣ್ಣವನ್ನು ಉಗುರಿನಲ್ಲಿ ಕೆರೆದು, ಮುಂದಿನ ಕಲ್ಲಿಗಾಗಿ ಕಣ್ಣು ಕಿರಿದು ಮಾಡಿ ಹುಡುಕುತ್ತಿದ್ದರು. ತೋಪಿನಲ್ಲಿ, ದಾರಿ ಎಡಕ್ಕೆ ಹೊರಳಿದಲ್ಲಿ, ಇದೇನು ಹೆದ್ದಾರಿಯ ಕಡೆಗೆ ಹೋಗುವುದಿಲ್ಲವಲ್ಲ ಎಂದು ತಮ್ಮಷ್ಟಕ್ಕೇ ಅಂದುಕೊಂಡರು. ಬಂಡೆಯ ಕೆಳಗೆ ಕಪ್ಪು ಬಳಿದ ಕಲ್ಲು ಕಂಡು ಇದು ಯಾರಿಗೆಂದು ಕೇಳಿದರು. ಹೆದರಿಕೆ ಇಲ್ಲದವರಿಗೆ ಎಂದೆ. ಹೆದರಿಕೆ ಇಲ್ಲದವರು ಯಾಕೆ ಬೀಳೋಕೆ ಹೋಗ್ತಾರೋ ಎಂದು ಗೊಣಗಿ ಮುಂದೆ ನಡೆದರು. ಗುಡ್ಡದ ಮೂಲೆ ತಿರುಗಿದಾಗ ದೂರದಲ್ಲಿ ಅವರದೇ ಹೊಂಗೆಮರ, ಅದರ ಬುಡದಲ್ಲಿ ಬದು, ಬದುವಿನ ಮೇಲೆ ನಾವು ಹೊರಟ ಅದೇ ಕಲ್ಲು.

ಅತ್ತೆ ಅಲ್ಲೇ ನಿಂತುಬಿಟ್ಟರು. ನಡೆದು ಬಂದ ಗುಡ್ಡವನ್ನೊಮ್ಮೆ, ಕಲ್ಲನ್ನೊಮ್ಮೆ ನೋಡಿದರು. ಆಮೇಲೆ ಬದುವಿನ ತನಕ ನಡೆದು ಬಂದು ಆ ಕಲ್ಲಿನ ಮೇಲೆಯೇ ಕೂತು, ಉಸಿರು ಬಿಟ್ಟು ಹೇಳಿದರು:

“ಹೊಲ ಕಿತ್ಕೊಂಡು ಹೋಗೋ ರಸ್ತೆ ಹಿಂಗೆ ಸುತ್ತಾಕೊಂಡು ಮನೆಗೆ ವಾಪಸ್ ಬರಲ್ಲ ಕಣೇ.”

ಮಾರನೆಯ ದಿನವೇ ಕೂರಿಗೆ ಹೂಡಿಸಿದರು. ಬಿತ್ತನೆ ತಡವಾದ್ದರಿಂದ ಪೈರು ನೆರೆಹೊರೆಯವರದಕ್ಕಿಂತ ಗಿಡ್ಡ, ತೆನೆಯೂ ಸಣ್ಣ; ಆದರೂ ಆ ರಾಗಿಯ ಮುದ್ದೆಯನ್ನು ಅವರ ಅಡುಗೆಮನೆಯಲ್ಲಿ ಉಂಡೆ. ಆಗ ನನಗೆ ಎಲ್ಲಿಲ್ಲದ ನೆಮ್ಮದಿಯಾಯಿತು. ಆ ಸುತ್ತನ್ನು ಎಷ್ಟೋ ಸಲ ತುಳಿದವಳು ನಾನು, ಹೊರಟಲ್ಲಿಗೇ ಬರುವ ದಾರಿಯಿಂದ ಏನು ಪ್ರಯೋಜನ ಎಂದು ಸಹೋದ್ಯೋಗಿಗಳು ಛೇಡಿಸಿದಾಗ ಬರೀ ವ್ಯಾಯಾಮವೆಂದು ಜಾರಿಕೊಂಡವಳು. ಎಲ್ಲಿಗೋ ತಲುಪಿಸುವ ದಾರಿಗಳೇ ತುಂಬಿದ ಈ ಸೀಮೆಯಲ್ಲಿ ಎಲ್ಲಿಗೂ ತಲುಪಿಸದ ದಾರಿಯನ್ನು ಈಗ ಬೇರೆ ಮರ್ಯಾದೆಯಿಂದ ತುಳಿಯುತ್ತೇನೆ. ಕಪ್ಪು ಇನ್ನೂ ನನ್ನ ಕೈಲಾಗಿಲ್ಲ. ನೀಲಿಯಲ್ಲಿ ಬೀಳುವುದು ಕಡಿಮೆಯಾಗಿದೆ.

ಮಳೆ, ಬಿಸಿಲಿಗೆ ಕಲ್ಲಿನ ಬಣ್ಣ ಮಾಸುತ್ತದೆ. ಮಳೆಗಾಲದ ಮೊದಲ ಮೋಡ ಕಟ್ಟುತ್ತಿದ್ದಂತೆ ಅತ್ತೆಯ ಫೋನು ಬರುತ್ತದೆ: ಡಬ್ಬಿ ತಗೊಂಡು ಬಾ, ಗೇಟಿಗೆ ಗೀಟಿಗೆ ಬಳಿದು ಖಾಲಿ ಮಾಡಿಬಿಟ್ಟೀಯ. ನಾನು ಅಟ್ಟದಿಂದ ಇಳಿಸಿ, ಕೆನೆಗಟ್ಟಿದ ಬಣ್ಣವನ್ನು ಕಡ್ಡಿಯಿಂದ ಕಲಕಿ, ಕ್ಯಾರಿಯರಿಗೆ ಕಟ್ಟಿಕೊಂಡು ಹೋಗುತ್ತೇನೆ. ಕೂರಿಗೆ ಹೂಡಲು ಬಂದವರು ಬದುವಿನ ಪಕ್ಕ ಕಾಯುತ್ತಿರುತ್ತಾರೆ. ಅತ್ತೆ ಕುಕ್ಕರುಗಾಲಿನಲ್ಲಿ ಕೂತು ಆ ಕಲ್ಲಿಗೆ ತಮ್ಮ ಕೈಯಾರೆ ಹಸಿರು ಬಳಿಯುತ್ತಾರೆ. ಬಳಿದು ಮುಗಿಯುವ ತನಕ ಆ ಹೊಲಕ್ಕೆ ಒಂದು ಕಾಳೂ ಬೀಳುವುದಿಲ್ಲ.